ಕೊಡಗಿನ ಹಕ್ಕಿ ಅಂತ ಗೋಲ್ಡ್‌ಫಿಂಚ್ ಫೋಟೋ ಹಾಕೋರಿಗೆ

ಇವತ್ತು ವಿರಾಜಪೇಟೆಯಿಂದ ಬರ್ತಾ ಒಂದು ಹೋಂಸ್ಟೇ ಫ್ಲೆಕ್ಸ್ ನೋಡಿದೆ, ಇನ್ನೂ ಸಿಟ್ಟು ಇಳಿದಿಲ್ಲ. ಕೊಡಗಿನ ಹಕ್ಕಿಗಳ ಜೊತೆ ಬೆಳಗಿನ ಕಾಫಿ ಅಂತ ಬರೆದು, ಪಕ್ಕದಲ್ಲಿ ಆಳೆತ್ತರಕ್ಕೆ ಗೋಲ್ಡ್‌ಫಿಂಚ್ ಫೋಟೋ. ಕೆಂಪು ಮುಖ, ರೆಕ್ಕೆಲಿ ಹಳದಿ ಪಟ್ಟಿ. ಎಲ್ಲಿದೆ ಮಾರಾಯ್ರೇ ಅದು ಕೊಡಗಲ್ಲಿ? ಯೂರೋಪು, ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಹಕ್ಕಿ. ಅದರ ಹತ್ತಿರದ ಸಂಬಂಧಿ, ಬೂದು ತಲೆಯದ್ದು, ನಮ್ಮ ದೇಶದಲ್ಲಿದೆ, ಆದ್ರೆ ಕಾಶ್ಮೀರ ಹಿಮಾಚಲದ ಕಡೆ. ಆ ಕುಟುಂಬದಲ್ಲಿ ನಮ್ಮ ಕಡೆ ಬರೋದು ರೋಸ್‌ಫಿಂಚ್, ಅದೂ ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರೋ ನೆಂಟ, ಬಿದಿರಕ್ಕಿ ಅಂದ್ರೆ ಅದಕ್ಕೆ ಪ್ರಾಣ.

ಸರಿ, ಒಂದು ಫೋಟೋ ತಾನೇ, ಡಿಸೈನ್ ಮಾಡೋ ಹುಡುಗ ನೆಟ್‌ನಿಂದ ತೆಗೆದು ಹಾಕಿರ್ತಾನೆ, ಯಾರಿಗೇನು ನಷ್ಟ ಅಂತ ನೀವು ಕೇಳಬಹುದು. ನಷ್ಟ ಇದೆ. ಆ ಫ್ಲೆಕ್ಸ್ ಹಿಂದೆ ಇರೋದು ಹಳೇ ಗದ್ದೆ, ಮಣ್ಣು ತುಂಬಿಸಿ ಕಾಟೇಜ್ ಕಟ್ಟಿದ್ದಾರೆ, ಉಳಿದ ಜಾಗಕ್ಕೆ ಲಾನ್, ಅಂಚಿಗೆಲ್ಲ ಕಳೆನಾಶಕ ಹೊಡೆದು ಹುಲ್ಲು ಸುಟ್ಟು ಕೆಂಪಗಾಗಿದೆ. ಅಲ್ಲಿ ಇದ್ದದ್ದು ರಾಟವಾಳ. ಎದೆ ಮೇಲೆ ಮೀನಿನ ಪೊರೆ ಥರ ಗೆರೆ ಇರುತ್ತಲ್ಲ, ಆ ಪುಟ್ಟ ಕಂದು ಹಕ್ಕಿ. ಬೆಟ್ಟದ ಕಡೆ ಇನ್ನೊಂದಿದೆ, ಕತ್ತು ಮುಖ ಕಪ್ಪಗಿರೋದು, ಪಶ್ಚಿಮ ಘಟ್ಟ, ಪೂರ್ವ ಘಟ್ಟದ ಸ್ವಲ್ಪ ಭಾಗ, ಶ್ರೀಲಂಕಾ ಬಿಟ್ರೆ ಪ್ರಪಂಚದಲ್ಲಿ ಮತ್ತೆಲ್ಲೂ ಇಲ್ಲ! ಅಂಥದ್ದನ್ನ ಅಂಗಳದಲ್ಲಿ ಇಟ್ಕೊಂಡು ನಾವು ಯೂರೋಪಿನ ಹಕ್ಕಿ ಪ್ರಿಂಟ್ ಹಾಕಿಸ್ತೀವಿ.

ಶಾಸ್ತ್ರದ ಪ್ರಕಾರ ರಾಟವಾಳ, ಗೋಲ್ಡ್‌ಫಿಂಚ್ ಬೇರೆ ಬೇರೆ ಕುಟುಂಬ, ಆದ್ರೆ ಹೊಟ್ಟೆಪಾಡು ಒಂದೇ, ಎರಡಕ್ಕೂ ನಾವು ಕಳೆ ಅನ್ನೋ ಗಿಡಗಳ ಬೀಜ ಬೇಕು. ಯೂರೋಪಲ್ಲಿ ಗೋಲ್ಡ್‌ಫಿಂಚ್ ಮುಳ್ಳುಗಿಡದ ಹೂವಿನ ಮೇಲೆ ಕೂತು ಉದ್ದ ಕೊಕ್ಕಿನಲ್ಲಿ ಬೀಜ ಎಳೆದು ತಿನ್ನುತ್ತೆ. ಇಲ್ಲಿ ನಮ್ಮ ಬದು ಮೇಲೆ ರಾಟವಾಳ ಬಂದು ಹುಲ್ಲಿನ ಕಡ್ಡಿಗೆ ಅಂಟಿಕೊಂಡ್ರೆ ಕಡ್ಡಿ ನಿಧಾನಕ್ಕೆ ಬಾಗುತ್ತೆ, ಹಕ್ಕಿ ಹಾಗೇ ತೆನೆ ತನಕ ಜರುಗಿ ಒಂದೊಂದೇ ಕಾಳು ಕಚ್ಚಿ ತಿರುಗಿಸುತ್ತೆ, ಹೊಟ್ಟು ಕೆಳಗೆ ಉದುರುತ್ತೆ. ಗೂಡಿಗೂ ಹುಲ್ಲೇ, ಉದ್ದದ ಹುಲ್ಲಿನ ಗರಿ ಬಾಲದ ಹಿಂದೆ ತೇಲಿಸ್ಕೊಂಡು ಹಾರೋದನ್ನ ನೋಡಬೇಕು, ನಮ್ಮ ನಿಂಬೆ ಗಿಡದಲ್ಲಿ ದುಂಡಗೆ ಕಟ್ಟಿ ಪಕ್ಕದಲ್ಲಿ ಬಾಗಿಲು ಇಟ್ಕೊಂಡಿದೆ. ವಾರ ವಾರ ಮೆಷಿನ್ ಓಡಿಸೋ ಲಾನ್‌ನಲ್ಲಿ ಹುಲ್ಲು ತೆನೆ ಬಿಡೋದು ಯಾವಾಗ, ಹಕ್ಕಿ ತಿನ್ನೋದು ಏನನ್ನ?

ಅಪ್ಪ ಹೋದ ಮೇಲೆ ಕೆಳಗಿನ ಗದ್ದೆ ಕೊಟ್ಟುಬಿಡು, ಭತ್ತದಲ್ಲಿ ಏನಿದೆ ಅಂತ ಮನೆಯವರೆಲ್ಲ ಹೇಳಿದ್ರು, ಕೊಡಲಿಲ್ಲ. ಪುತ್ತರಿಗೆ, ಅಂದ್ರೆ ನಮ್ಮ ಸುಗ್ಗಿ ಹಬ್ಬಕ್ಕೆ, ಕದಿರು ತೆಗೆಯೋಕೆ ನಮ್ಮದೇ ಗದ್ದೆ ಬೇಕು ಅಂತ ಸಬೂಬು ಹೇಳಿದ್ದೆ. ಅದೂ ನಿಜಾನೇ. ಆದ್ರೆ ಭತ್ತ ಹಾಲು ತುಂಬೋ ಹೊತ್ತಿಗೆ ಸಾಯಂಕಾಲ ಆ ಹಿಂಡು ಬಂದು ಇಳಿಯೋದನ್ನ ನೋಡದೆ ನನಗಾಗಲ್ಲ, ಇದನ್ನ ಇವತ್ತಿನ ತನಕ ಯಾರ ಹತ್ರಾನೂ ಹೇಳಿರಲಿಲ್ಲ. ಸ್ವಲ್ಪ ಭತ್ತ ತಿನ್ನುತ್ತೆ ಹೌದು, ತಿನ್ನಲಿ.

ಇನ್ನೊಂದು ವಿಷಯ ಗೊತ್ತಾ, ಅಮೆರಿಕ ಯೂರೋಪಿನಲ್ಲಿ ಜನ ತಮ್ಮ ತಮ್ಮ ಕಡೆಯ ಗೋಲ್ಡ್‌ಫಿಂಚ್ ಬರಲಿ ಅಂತ ಮನೆ ಹಿತ್ತಲಲ್ಲಿ ನೇತುಹಾಕೋ ಕಾಳು ನಮ್ಮ ಹುಚ್ಚೆಳ್ಳು, ನಾವು ಚಟ್ನಿಪುಡಿ ಮಾಡೋದು, ಅದೇ. ಇಂಡಿಯಾದಿಂದಲೂ ಹೋಗುತ್ತೆ. ಅವರು ದುಡ್ಡು ಕೊಟ್ಟು ತರಿಸಿ ಹಕ್ಕಿಗೆ ಹಾಕ್ತಾರೆ, ನಾವು ದುಡ್ಡು ಕೊಟ್ಟು ಔಷಧಿ ತಂದು ಹಕ್ಕಿ ತಿನ್ನೋ ಹುಲ್ಲು ಸುಡ್ತೀವಿ.

ಹೋಂಸ್ಟೇ ನಡೆಸೋರು ನನ್ನ ಫ್ರೆಂಡ್ ಲಿಸ್ಟಲ್ಲೇ ಎಷ್ಟೋ ಜನ ಇದ್ದೀರಿ, ಬೇಜಾರಾದ್ರೂ ಓದಿ. ಮಳೆ ಬಿಟ್ಟ ಮೇಲೆ ಪುತ್ತರಿ ತನಕ ನಿಮ್ಮ ಜಾಗದ ಒಂದು ಬದಿಗೆ ಮೆಷಿನ್ ಹಾಕಬೇಡಿ, ಔಷಧಿ ಹೊಡೀಬೇಡಿ. ಕೆಲಸದವರಿಗೂ ಮೊದಲೇ ಹೇಳಿಡಿ, ಇಲ್ಲಾಂದ್ರೆ ಅವರು ಅಭ್ಯಾಸಬಲದಲ್ಲಿ ಹೊಡೆದುಬಿಡ್ತಾರೆ.