ಮಂಚದ ಕಂಬಿ ಹಿಡಿದ ಹುಡುಗ

ಹಿಟ್ಲರನ ಕಾಲದಲ್ಲಿ ಬಚ್ಚಿಟ್ಟುಕೊಂಡು ಬದುಕಿದ ಯಹೂದಿ ಮಕ್ಕಳ ಕಥೆ ಕೇಳಿದರೆ ನಾವು ‘ಸದ್ಯ, ಜೀವ ಉಳೀತಲ್ಲ’ ಅಂದುಬಿಡುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ. ಇತಿಹಾಸಕಾರ ಸಾಲ್ ಫ್ರೀಡ್‌ಲ್ಯಾಂಡರ್ ಅವರ ಬಾಲ್ಯದ ಬಗ್ಗೆ ಓದಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಹುಟ್ಟಿದ್ದು 1932ರಲ್ಲಿ, ಪ್ರಾಗ್‌ನಲ್ಲಿ. ಆಗಿನ ಹೆಸರು ಪಾವೆಲ್. 1939ರಲ್ಲಿ ಜರ್ಮನ್ ಸೇನೆ ಬಂದಾಗ ಅಪ್ಪ ಅಮ್ಮ ಮಗನನ್ನು ಕಟ್ಟಿಕೊಂಡು ಫ್ರಾನ್ಸಿಗೆ ಓಡಿದರು. 1942ರಲ್ಲಿ ಅಲ್ಲೂ ಯಹೂದಿಗಳನ್ನು ಹಿಡಿದು ಸಾಗಿಸತೊಡಗಿದರು. ಅಪ್ಪ ಅಮ್ಮ ಮಗನನ್ನು ಮೋಂಲುಸೋನ್ ಊರಿನ ಕ್ಯಾಥೊಲಿಕ್ ಹಾಸ್ಟೆಲ್ ಶಾಲೆಗೆ ಸೇರಿಸಿದರು. ಕ್ರೈಸ್ತನಾಗುವ ಜ್ಞಾನಸ್ನಾನ ಆಯಿತು. ಪಾವೆಲ್ ಹೋಗಿ ಪಾಲ್-ಆನ್ರಿ ಆದ.

ಹುಡುಗ ಅಲ್ಲಿಂದ ತಪ್ಪಿಸಿಕೊಂಡು, ಅಪ್ಪ ಅಮ್ಮ ಇದ್ದ ಆಸ್ಪತ್ರೆಗೇ ಓಡಿಬಂದ. ಮಂಚದ ಕಂಬಿ ಹಿಡಿದವನು ಬಿಡಲೊಲ್ಲ. ಹೆತ್ತವರೇ ಕೈ ಬಿಡಿಸಿ ವಾಪಸ್ ಕಳಿಸಿದರು. ನನ್ನೆದುರು ಅಳದೆ ಅದು ಹೇಗೆ ಬಿಡಿಸಿದರು ಅಂತ ದೊಡ್ಡವರಾದ ಮೇಲೆ ಆತ್ಮಕಥೆಯಲ್ಲಿ ಕೇಳಿಕೊಳ್ಳುತ್ತಾರೆ.

ಆಮೇಲೆ ಅವರಿಬ್ಬರೂ ಸ್ವಿಟ್ಜರ್ಲೆಂಡಿಗೆ ನುಸುಳಲು ನೋಡಿದರು. ಅಲ್ಲಿನವರು ಹಿಡಿದು ಫ್ರಾನ್ಸಿಗೇ ಒಪ್ಪಿಸಿದರು. ಆಗ ಒಳಗೆ ಬಿಡುತ್ತಿದ್ದದ್ದು ಚಿಕ್ಕ ಮಕ್ಕಳಿದ್ದ ಗಂಡಹೆಂಡಿರನ್ನಂತೆ. ಮಗ ಉಳಿಯಲಿ ಅಂತ ಬಿಟ್ಟು ಬಂದವರಿಗೆ ಮಗ ಜೊತೆಗಿಲ್ಲದ್ದೇ ಮುಳುವಾಯಿತು. ಅವರನ್ನು ನಾಜಿಗಳ ಕೊಲೆ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಿದರು. ಅಲ್ಲಿಂದ ಅವರು ಮರಳಲಿಲ್ಲ.

ಇತ್ತ ಪಾಲ್ ಮನಸಾರೆ ಭಕ್ತನಾದ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಯಾಗುವ ಕನಸು ಬೇರೆ. ಇದನ್ನು ಮತಾಂತರದ ಜಗಳಕ್ಕೆ ಎಳೆಯಬೇಡಿ ಪ್ಲೀಸ್. ಹತ್ತು ವರ್ಷದ ತಬ್ಬಲಿ, ತಲೆ ಸವರಿದವರ ದೇವರನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು?

ನನ್ನನ್ನು ಜಾಸ್ತಿ ಕಾಡಿದ್ದು 1946ರ ಒಂದು ಮಾತುಕತೆ. ಒಬ್ಬ ಜೆಸ್ವಿಟ್ ಪಾದ್ರಿ ಅವನನ್ನು ಕೂರಿಸಿಕೊಂಡು, ಆಶ್‌ವಿಟ್ಜ್‌ನಲ್ಲಿ ಯಹೂದಿಗಳಿಗೆ ಏನಾಯಿತು ಅಂತ ಬಿಡಿಸಿ ಹೇಳಿದರು. ಸುಮ್ನೆ ಇದ್ದಿದ್ದರೆ ಅವರ ಸಂಘಕ್ಕೆ ಒಬ್ಬ ಪಾದ್ರಿ ಸಿಗುತ್ತಿದ್ದ, ಅಲ್ವಾ? ಹೇಳಿದ್ದರಿಂದ ಹುಡುಗ ಕೈತಪ್ಪಿದ. ಜೀವ ಉಳಿಸಿದವರ ಪಕ್ಕದಲ್ಲೇ ಈ ಪಾದ್ರಿಯನ್ನೂ ನಾನು ಕೂರಿಸುತ್ತೇನೆ. ಬಚ್ಚಿಟ್ಟವರಿಗೆ ಮಗುವನ್ನು ವಾಪಸ್ ಕೊಡುವುದೂ ಗೊತ್ತಿರಬೇಕು. ಕೊಡಲು ಅಪ್ಪ ಅಮ್ಮ ಇಲ್ಲದಿದ್ದಾಗ ಅವನನ್ನು ಅವನಿಗೇ ಕೊಡಬೇಕು.

1948ರಲ್ಲಿ, ಇನ್ನೂ ಹದಿನೈದಕ್ಕೇ, ಇಸ್ರೇಲಿಗೆ ಹೊರಟಿದ್ದ ಅಲ್ತಲೇನಾ ಹಡಗು ಹತ್ತಿದ. ಪಾಲ್ ಶಾವುಲ್ ಆದ, ಮುಂದೆ ಸಾಲ್. ಇತಿಹಾಸಕಾರರಾದರು. ಯಹೂದಿ ಹತ್ಯಾಕಾಂಡದ ಬಗ್ಗೆ ಬರೆದ ಪುಸ್ತಕಕ್ಕೆ 2008ರಲ್ಲಿ ಪುಲಿಟ್ಜರ್ ಬಂತು. ಅದಕ್ಕಿಂತ ಎಷ್ಟೋ ಮೊದಲು, 1964ರಲ್ಲೇ, ಇನ್ನೊಂದು ಪುಸ್ತಕ ತಂದಿದ್ದರು. ಅದು ಆ ಹತ್ಯಾಕಾಂಡದ ಕಾಲದಲ್ಲಿ ಪೋಪ್ ಆಗಿದ್ದ ಹನ್ನೆರಡನೇ ಪಯಸರ ಮೌನದ ಬಗ್ಗೆ.