ಮೂವತ್ತೈದು ಸಾವಿರದ ಪಾಂಡಿತ್ಯ

ಒಂದೂವರೆ ಲಕ್ಷ ಇಟ್ಟುಕೊಂಡು ಲ್ಯಾಪ್‌ಟಾಪು ಕೊಳ್ಳಲು ಹೊರಟವನಿಗೆ ಯಾವ ವಿದ್ಯೆಯೂ ಬೇಡ. ಅಂಗಡಿಗೆ ಹೋಗಿ ‘ಅದು ಕೊಡಿ’ ಎಂದು ಬೆರಳು ತೋರಿಸಿದರೆ ಮುಗಿಯಿತು. ಯಾವುದನ್ನು ತೋರಿಸಿದರೂ ಚೆನ್ನಾಗಿಯೇ ಇರುತ್ತದೆ. ಓದಿ ಪಂಡಿತನಾಗಬೇಕಾದವನು ಮೂವತ್ತೈದು ಸಾವಿರದವನು. ಪ್ರೊಸೆಸರು ಯಾವ ತಲೆಮಾರಿನದು, ರ್‍ಯಾಮು ಬೋರ್ಡಿಗೆ ಬೆಸುಗೆ ಹಾಕಿದ್ದೋ ಬದಲಿಸಬಹುದಾದದ್ದೋ, ಪರದೆಯ ಬೆಳಕು ಎಷ್ಟು ನಿಟ್ಸ್, ಬ್ಯಾಟರಿ ಎಷ್ಟು ವ್ಯಾಟ್-ಅವರ್, ಎಲ್ಲವೂ ಅವನಿಗೆ ಬಾಯಿಪಾಠ ಇರಬೇಕು. ದುಡ್ಡು ಕಡಿಮೆಯಿದ್ದಷ್ಟೂ ಸಿಲೆಬಸ್ಸು ದೊಡ್ಡದು.

ನನ್ನದು ಶಿರಸಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಾಲ್ಕಾರು ಅಡಿಕೆ ವ್ಯಾಪಾರಿಗಳದ್ದು, ಒಂದಿಷ್ಟು ಕಿರಾಣಿ ಅಂಗಡಿಗಳದ್ದು. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ಲು, ಇಷ್ಟೇ ಸಂಸಾರ. ಹಳೆಯ ಡೆಸ್ಕ್‌ಟಾಪು ಯಾರ ತಂಟೆಗೂ ಹೋಗದೆ ನಡೆದುಕೊಂಡಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಸರಿ, ಹನ್ನೊಂದು ಹಾಕೋಣವೆಂದರೆ ಇಂಟೆಲ್ ಪ್ರೊಸೆಸರಿನ ಎಂಟನೇ ತಲೆಮಾರಿಗಿಂತ ಹಿಂದಿನವರಿಗೆ ಹೆಚ್ಚುಕಡಿಮೆ ಒಳಗೆ ಪ್ರವೇಶವೇ ಇಲ್ಲ. ನನ್ನ ಡೆಸ್ಕ್‌ಟಾಪು ಆರನೆಯದು. ಸಾಲದ್ದಕ್ಕೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುವಂಥದ್ದು. ಯುಪಿಎಸ್ಸು ಸ್ವಲ್ಪ ಹೊತ್ತು ಕಿರುಚಿ ತಣ್ಣಗಾಗುತ್ತದೆ. ಹೀಗಾಗಿ ಲ್ಯಾಪ್‌ಟಾಪೇ ಆಗಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಆದದ್ದೇ ತಡ, ಸಲಹೆಗಾರರು ಜಗಲಿ ಹತ್ತಿದರು.

ಮೊದಲಿಗೆ ಅಕ್ಕನ ಮಗ. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮಾಳಿಗೆಯ ಮೇಲೆ ಕೂತು ಮಾಡುವವನು. “ಮಾವಾ, ರ್‍ಯಾಮು 16 ಜಿಬಿಗಿಂತ ಕಡಿಮೆದು ತಗಳಡ” ಎಂದ. ನನಗೆ ಬೇಕಾದ್ದು ಟ್ಯಾಲಿ ಎಂದೆ. ಅವನು ಕರುಣೆಯಿಂದ ನೋಡಿದ. ಆಮೇಲೆ ವಿವರಿಸಿದ: ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ, 2025ರ ಕೊನೆಯಿಂದ ರ್‍ಯಾಮಿನ ಬೆಲೆ ಏರುತ್ತಿದೆ, ಈಗ ಬಿಟ್ಟರೆ ಸಿಕ್ಕದು. ಅಮೆರಿಕದಲ್ಲಿ ಯಾರೋ ‘ಟೋಪಿ ಹಾಕಿದ ಬೆಕ್ಕಿನ ಚಿತ್ರ ಬರೆದುಕೊಡು’ ಎಂದು ಯಂತ್ರಕ್ಕೆ ಹೇಳಿದರೆ ಶಿರಸಿಯಲ್ಲಿ ನನ್ನ ಬಜೆಟ್ಟು ಮೇಲೇರುತ್ತದೆ ಎಂಬುದು ಅವತ್ತೇ ತಿಳಿದದ್ದು.

ಭಾವನದ್ದು ತದ್ವಿರುದ್ಧ ಸಿದ್ಧಾಂತ. “ಈಗ ಎಲ್ಲ ಮೊಬೈಲಲ್ಲೇ ಆಗ್ತು ಮಾರಾಯಾ, ಲ್ಯಾಪ್‌ಟಾಪು ಎಂತಕ್ಕೆ?” ಹೌದು, ಅವನ ಅಂಗಡಿಯ ಲೆಕ್ಕವೆಲ್ಲ ಮೊಬೈಲಿನಲ್ಲೇ ಆಗುತ್ತದೆ. ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ನನಗೆ ಕಳಿಸುತ್ತಾನೆ.

ಪೇಟೆಯ ಅಂಗಡಿಯೊಂದರ ಹುಡುಗ ನಾನು ‘ಸಾದಾ ಕೆಲಸಕ್ಕೆ’ ಎಂದು ಬಾಯಿಬಿಡುತ್ತಿದ್ದಂತೆ ತೆಳ್ಳಗಿನ ಬೆಳ್ಳಿ ಬಣ್ಣದ್ದೊಂದನ್ನು ಮುಂದಿಟ್ಟ. 4 ಜಿಬಿ ರ್‍ಯಾಮು, 64 ಜಿಬಿ ಜಾಗ, ಅದೂ ಚುರುಕಿನ ಎಸ್‌ಎಸ್‌ಡಿ ಅಲ್ಲ, ನಿಧಾನದ ಇಎಂಎಂಸಿ. “ಬೇಸಿಕ್ ಯೂಸಿಗೆ ಧಾರಾಳ ಸಾಕು ಸರ್.” ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅರ್ಹತೆಯೂ ಸರಿಯಾಗಿ ಅಷ್ಟೇ: 4 ಜಿಬಿ, 64 ಜಿಬಿ. ಅಂದರೆ ಯಂತ್ರ ಏಳುತ್ತದೆ. ಎದ್ದ ಮೇಲೆ ಮತ್ತೊಂದು ಕೆಲಸ ಹೇಳಬಾರದು. ಜೊತೆಗೆ ವಿಂಡೋಸ್ಸಿನ ದೊಡ್ಡ ಅಪ್‌ಡೇಟು ಬಂದ ದಿನ ನಮ್ಮ ಫೈಲುಗಳನ್ನೆಲ್ಲ ಅಂಗಳಕ್ಕೆ ಹಾಕಿ ಅದಕ್ಕೆ ಜಾಗ ಮಾಡಿಕೊಡಬೇಕು.

ಹೆಸರುಗಳದ್ದೇ ಒಂದು ಪುರಾಣ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಅಡಿಕೆಯಲ್ಲಿರುವ ತರಾವರಿಯನ್ನು ಕಣ್ಣುಮುಚ್ಚಿ ಹೇಳುವ ಅಪ್ಪಯ್ಯನೇ ಪ್ರೊಸೆಸರುಗಳ ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟ. ಇಂಟೆಲ್‌ನ ಐ5 ಎಂದರೆ ಐ3ಗಿಂತ ಮೇಲು ತಾನೆ? ಅಲ್ಲ. ಹನ್ನೆರಡನೇ ತಲೆಮಾರಿನ ಐ3 ಎದುರು ಆರನೆಯದರ ಐ5 ಏದುಸಿರು ಬಿಡುತ್ತದೆ. ಎಎಂಡಿ ಕಂಪನಿಯ ರೈಜನ್ 5 7520ಯು ಎಂದರೆ ಏಳು ಸಾವಿರದ ಸಾಲಿನದು, ಹೊಸದು ತಾನೆ? ನೋಡಬೇಕಾದ್ದು ಮೂರನೇ ಅಂಕಿ. ಅಲ್ಲಿ ಎರಡು ಇದೆಯೆಂದರೆ ಒಳಗಿನ ವಿನ್ಯಾಸ ಜೆನ್ 2, ಅಂದರೆ 2019ರಲ್ಲಿ ಬಂದದ್ದು. ಚೀಲ ಈ ವರ್ಷದ್ದು, ಅಡಿಕೆ ಆಗಿನದು. ಅಪ್ಪಯ್ಯನಿಗೆ ಇದು ತಕ್ಷಣ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಇನ್ನೊಂದು: ಹಳೆ ಚಾಲಿಗೆ ಹೊಸ ಚಾಲಿಗಿಂತ ರೇಟು ಜಾಸ್ತಿ ಸಿಗುವಾಗ ಹಳೆ ಲ್ಯಾಪ್‌ಟಾಪಿಗೆ ಯಾಕೆ ಕಡಿಮೆ? ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯದನ್ನೂ ವಿಚಾರಿಸದೆ ಬಿಡಲಿಲ್ಲ. ದೊಡ್ಡ ಕಂಪನಿಗಳು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಒರೆಸಿ ಮಾರುವ ವ್ಯಾಪಾರ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಹಿಡಿದು ಆನ್‌ಲೈನಿನ ತನಕ ಜೋರಾಗಿಯೇ ಇದೆ. ಮೈ ಗಟ್ಟಿ, ಕೀಬೋರ್ಡು ಬೆಣ್ಣೆ. ಬ್ಯಾಟರಿಗೆ ಮಾತ್ರ ವಯಸ್ಸು ಗೊತ್ತಾಗುತ್ತದೆ. ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಸಿಕ್ಕರೆ ನನ್ನಂಥವರಿಗೆ ನಿಜಕ್ಕೂ ಅದೇ ಲಾಭ ಎಂದು ಈಗಲೂ ಹೇಳುತ್ತೇನೆ. ಆದರೆ ಫೋನಿನಲ್ಲಿ ಸಿಕ್ಕ ಮಾರಾಟಗಾರ ರೇಟು ಹೇಳಿ ಮೆಲ್ಲಗೆ ಕೇಳಿದ, “ಬಿಲ್ ಬೇಕಾ ಸರ್? ಬೇಕಂದ್ರೆ ಶೇಕಡ 18 ಜಾಸ್ತಿ ಆಗುತ್ತೆ.” ಬೆಳಗಿಂದ ಸಂಜೆಯ ತನಕ ಊರಿನವರಿಗೆಲ್ಲ ‘ಬಿಲ್ಲಿಲ್ಲದೆ ಒಂದು ಸೂಜಿಯನ್ನೂ ತರಬೇಡಿ’ ಎಂದು ಉಪದೇಶ ಮಾಡುವವನು ನಾನು. ಫೋನ್ ಇಟ್ಟೆ. ಇಡುವ ಮುಂಚೆ ಹದಿನೆಂಟು ಪರ್ಸೆಂಟ್ ಎಷ್ಟಾಗುತ್ತದೆಂದು ಮನಸ್ಸು ಲೆಕ್ಕ ಹಾಕಿದ್ದು ಬೇರೆ ಮಾತು.

ಇಷ್ಟೆಲ್ಲ ಜನ ಪ್ರೊಸೆಸರು, ಗ್ರಾಫಿಕ್ಸು ಎಂದು ತಲೆ ಬಿಸಿ ಮಾಡುವಾಗ ನಂಬರ್ ಪ್ಯಾಡಿನ ಮಾತನ್ನು ಒಬ್ಬನೂ ಎತ್ತಲಿಲ್ಲ. ಲೆಕ್ಕ ಬರೆಯುವವನಿಗೆ ಬಲಗಡೆಯ ಆ ಅಂಕಿಗಳ ಚೌಕವೇ ಅನ್ನ. 14 ಇಂಚಿನ ಲ್ಯಾಪ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ, 15.6ಕ್ಕೆ ಹೋಗಬೇಕು, ಅದರಲ್ಲೂ ಎಲ್ಲದರಲ್ಲಿ ಇಲ್ಲ. ಇನ್ನು ಯುಎಸ್‌ಬಿ ಕಿಂಡಿಗಳು: ಡಿಜಿಟಲ್ ಸಹಿಯ ಟೋಕನ್ನು, ಮೌಸು, ಪ್ರಿಂಟರು, ಮೂರಕ್ಕೂ ಮೂರು ತೂತು ಬೇಕು. “ತೂತು ಎಷ್ಟಿವೆ?” ಎಂದು ನಾನು ಕೇಳಿದಾಗ ಅಂಗಡಿಯ ಹುಡುಗ ಮ್ಯಾನೇಜರನ್ನು ಕರೆದ.

ಕೊನೆಗೆ ತಂದದ್ದು 15.6 ಇಂಚಿನದು, ಹನ್ನೆರಡನೇ ತಲೆಮಾರಿನ ಐ3, 8 ಜಿಬಿ ರ್‍ಯಾಮು, ಇನ್ನೊಂದು ರ್‍ಯಾಮು ಹಾಕಲು ಖಾಲಿ ಜಾಗ, 512 ಜಿಬಿ ಎಸ್‌ಎಸ್‌ಡಿ, ನಂಬರ್ ಪ್ಯಾಡು ಸಹಿತ. ಬಿಲ್ಲೂ ಸಹಿತ. ಜಗಲಿಯ ಬೆಳಕಿನಲ್ಲಿ ಪರದೆ ಮಂಕು, ಹಾಗಾಗಿ ಒಳಗಿನ ಕತ್ತಲೆ ಕೋಣೆಯೇ ಆಫೀಸು. ಡಬ್ಬದ ಮೇಲೆ ಬರೆದ ಬ್ಯಾಟರಿಯ ಗಂಟೆಗಳಲ್ಲಿ ಅರ್ಧ ಸಿಕ್ಕಿತು. ಮುಟ್ಟದೆ ದೂರದಿಂದ ನೋಡುತ್ತ ಕೂತಿದ್ದರೆ ಪೂರ್ತಿ ಸಿಗುತ್ತಿತ್ತೇನೋ.

ಆದರೆ ನಂಬರ್ ಪ್ಯಾಡನ್ನು ಅಲ್ಲಿ ತುರುಕುವ ಗಡಿಬಿಡಿಯಲ್ಲಿ ಪವರ್ ಬಟನ್ನನ್ನೂ ಕೀಬೋರ್ಡಿನ ಮೂಲೆಗೇ ಕೂರಿಸಿದ್ದಾರೆ, ಡಿಲೀಟ್ ಕೀಲಿಯ ಪಕ್ಕದ ಮನೆಗೆ. ಅದೇ ಗಾತ್ರ, ಅದೇ ಬಣ್ಣ. ತಿಂಗಳ 20ರ ರಾತ್ರಿ, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ಜಿಎಸ್‌ಟಿ ರಿಟರ್ನಿಗೆ ಕೊನೆಯ ದಿನ. ಹೊರಗೆ ಧೋ ಮಳೆ, ಕರೆಂಟಿಲ್ಲ, ಮೊಬೈಲಿನ ಹಾಟ್‌ಸ್ಪಾಟು ಕಿಟಕಿಯ ಸರಳಿನ ನಡುವೆ ಒಂದು ನಿರ್ದಿಷ್ಟ ಕೋನದಲ್ಲಿ ಇಟ್ಟರೆ ಮಾತ್ರ ಜೀವಂತ. ತೆರಿಗೆಯ ಅಂಕಣದಲ್ಲಿ ಒಂದು ಸೊನ್ನೆ ಹೆಚ್ಚಾಗಿತ್ತು. ಅಳಿಸಲು ಬೆರಳಿಟ್ಟೆ. ಸೊನ್ನೆಯ ಜೊತೆಗೆ ಪರದೆಯೂ ಹೋಯಿತು. ನಿದ್ದೆ ಹೋದ ಯಂತ್ರವನ್ನು ಎಬ್ಬಿಸಿ, ಹಾಟ್‌ಸ್ಪಾಟನ್ನು ಮತ್ತೆ ರಮಿಸಿ ಬರುವಷ್ಟರಲ್ಲಿ ಪೋರ್ಟಲ್ಲು ನನ್ನ ಗುರುತೇ ಇಲ್ಲದಂತೆ ಹೆಸರು, ಪಾಸ್‌ವರ್ಡು, ಕ್ಯಾಪ್ಚಾ ಕೇಳುತ್ತಿತ್ತು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ವ್ಯಾಪಾರಿ ಅದನ್ನು ನನ್ನ ಫೀಸಿನಲ್ಲಿ ಮುರಿದುಕೊಳ್ಳುತ್ತಾನೆ. ಹನ್ನೆರಡು ಹೊಡೆಯುವ ಮುಂಚೆ ಹೇಗೋ ದಡ ಸೇರಿತು. (ನಿಮ್ಮದರಲ್ಲೂ ಹೀಗಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಿಗೆ ಹೋಗಿ, ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಎಂದು ಹೇಳಿಡಿ. ಕೇಳುತ್ತದೆ.)

ಮರುದಿನ ಬೆಳಿಗ್ಗೆ ಫೈಲುಗಳೆಲ್ಲ ಕ್ಷೇಮವೇ ಎಂದು ತೆರೆದು ನೋಡುತ್ತಿದ್ದೆ. ಬೆನ್ನ ಹಿಂದೆ ಕವಳದ ಬಟ್ಟಲು ಹಿಡಿದು ನಿಂತಿದ್ದ ಅಪ್ಪಯ್ಯ ಪರದೆಯ ಮೇಲೆ ಬೆರಳಿಟ್ಟ.

“ಐನೂರಾ ಹನ್ನೆರಡು ಹೇಳಿ ಡಬ್ಬದ ಮೇಲೆ ಬರದ್ದ. ಇಲ್ಲಿ ನಾಕ್ನೂರಾ ಎಪ್ಪತ್ತಾರು ಇದ್ದು. ಮೂವತ್ತಾರು ಎಲ್ಲಿಗೆ ಹೋತು?”

ಕಂಪನಿಯವರು ಜಿಬಿಯನ್ನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಮಾಲು ಅಷ್ಟೇ ಇದೆ, ಅಳತೆ ಬೇರೆ ಎಂದೆ. ಅದನ್ನು ಹೇಳಬಾರದಿತ್ತೇನೋ. ಜೀವಮಾನವಿಡೀ ಮಂಡಿಯ ತಕ್ಕಡಿಯ ಮುಳ್ಳನ್ನೇ ನೋಡುತ್ತ ಬಂದ ಮನುಷ್ಯ.

“ಕೊಡಲೆ ಒಂದು ಸೇರು, ತಗಂಬಲೆ ಒಂದು ಸೇರು! ಕ್ವಿಂಟಾಲಿಗೆ ಏಳು ಕೆಜಿ ಹೊಡದ್ದ ಹೇಳು” ಎಂದವನೇ ಬಿಲ್ಲನ್ನು ಕಿಸೆಗೆ ಹಾಕಿಕೊಂಡು ಒಂಬತ್ತರ ಬಸ್ಸು ಹತ್ತಿದ.

ಅಂಗಡಿಯಲ್ಲಿ ಏನು ನಡೆಯಿತೋ ನಾನು ಕಂಡಿಲ್ಲ. ಹುಡುಗ ಸಾವಿರ-1024ರ ಪಾಠ ಮಾಡಿದನಂತೆ, ಮ್ಯಾನೇಜರು ಕ್ಯಾಲ್ಕುಲೇಟರು ಹಿಡಿದು ಅದನ್ನೇ ಇನ್ನೊಮ್ಮೆ ಮಾಡಿದನಂತೆ. ಎಲ್ಲ ಕೇಳಿಸಿಕೊಂಡು ಅಪ್ಪಯ್ಯ, “ಸರಿ, ಹಾಗಾದರೆ ನಾನೂ ನನ್ನ ಲೆಕ್ಕದಲ್ಲೇ ದುಡ್ಡು ಎಣಿಸಿ ಕೊಡಬಹುದಿತ್ತಲ್ಲ?” ಎಂದನಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹೊಸ ವೈರ್‌ಲೆಸ್ ಮೌಸು, ಒಂದು ಬ್ಯಾಗು, ಎರಡೂ ಪುಕ್ಕಟೆ, ಜೊತೆಗೆ ಚಹಾ ಕುಡಿಸಿದ್ದರ ವರ್ಣನೆಯೊಂದಿಗೆ ಮನೆಗೆ ಬಂದ.

ಆಗಿನಿಂದ ಊರಿನಲ್ಲಿ ಲ್ಯಾಪ್‌ಟಾಪು ಕೊಳ್ಳುವವರು ನನ್ನ ಹತ್ತಿರ ತಲೆಮಾರು, ಮೂರನೇ ಅಂಕಿ ಎಂದು ಕೇಳಲು ಬರುವುದಿಲ್ಲ. ಅಪ್ಪಯ್ಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ನಿನ್ನೆ ಭಾವನಿಗೆ 32 ಜಿಬಿಯ ಪೆನ್‌ಡ್ರೈವು ಕೊಡಿಸಿದ್ದ. ಇವತ್ತು ಅದು ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೊಂಬತ್ತು ಚಿಲ್ಲರೆ ತೋರಿಸುತ್ತಿದೆ, ಅಪ್ಪಯ್ಯ ಹೊರಗೆ ಚಪ್ಪಲಿ ಹುಡುಕುತ್ತಿದ್ದಾನೆ.