ಅಮ್ಮನ ಬೇಗಡೆ

ಇವತ್ತು ಬೆಳಿಗ್ಗೆ 7.20ಕ್ಕೆ ನಮ್ಮ ಅಡುಗೆಮನೆ ನೆಲದ ಮೇಲೆ ಎರಡು ಮೀಟರ್ ಫಾಯಿಲ್ ಹಾಸಿತ್ತು, ಯಾರೋ ಮಂತ್ರಿಗಳು ನಡೆದು ಬರೋರಿದ್ದಾರೆ ಅನ್ನೋ ಹಾಗೆ. ಬಂದವಳು ಮಗಳು, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು. "ಅಪ್ಪಾ, ವ್ಯಾನ್ ಬಂತು!"

ನನಗೆ ಬೇಕಿದ್ದದ್ದು ಎರಡು ಚಪಾತಿ ಸುತ್ತುವಷ್ಟು. ಒಂದು ಮೊಳ ಎಳೆದು ಡಬ್ಬದ ಹಲ್ಲಿಗೆ ಒತ್ತಿ ಹರಿದೆ. ಅರ್ಧದವರೆಗೆ ನೇರ ಹೋಯಿತು. ಆಮೇಲೆ ಚಾರ್ಮಾಡಿ ಘಾಟಿ. ಇನ್ನೊಂದು ಸಲ ಎಳೆದರೆ ಸುರುಳಿಯೇ ಹೊರಗೆ ಹಾರಿ, ಕಟ್ಟೆ ಇಳಿದು, ಫ್ರಿಜ್ ಕಡೆಗೆ ಹೊರಟಿತು. ಡಬ್ಬದ ಎರಡೂ ತುದಿಯ ಕಿವಿಗಳನ್ನು ಒಳಕ್ಕೆ ಒತ್ತಿದರೆ ಸುರುಳಿ ಹಾರಲ್ಲ ಅಂತ ನನಗೂ ಗೊತ್ತು. ಒತ್ತಿದೆ, ಡಬ್ಬವೇ ಅಪ್ಪಚ್ಚಿಯಾಯಿತು. ಅದರ ಮೇಲೆ 11 ಮೈಕ್ರಾನ್ ಅಂತ ಬರೆದಿದೆ. ಬೆಳಗಿನ ಹೊತ್ತು ನನ್ನ ತಾಳ್ಮೆಯ ದಪ್ಪವೂ ಅಷ್ಟೇ.

ಇಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಊರಿಂದ ಅಮ್ಮ ಬಂದಿದ್ದಾಳೆ.

ಅಮ್ಮನ ಬಾಯಲ್ಲಿ ಇದು ಫಾಯಿಲ್ ಅಲ್ಲ, ಬೇಗಡೆ. ಬೇಗಡೆಯನ್ನು ಯಾರಾದರೂ ಎಸೆಯುತ್ತಾರಾ? ಸಂಜೆ ಊಟದ ಡಬ್ಬಿಯಲ್ಲಿ ಮುದುಡಿ ವಾಪಸ್ ಬಂದದ್ದನ್ನು ಬಿಡಿಸುತ್ತಾಳೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ಮೇಜಿನ ಮೇಲೆ ಹಾಸಿ ಚಮಚದ ಬೆನ್ನಿಂದ ತೀಡುತ್ತಾಳೆ, ಕರಕರ ಅಂತ, ಧಾರಾವಾಹಿ ಮುಗಿಯುವವರೆಗೆ. ಆಮೇಲೆ ನಾಲ್ಕು ಮಡಿಕೆ ಮಾಡಿ ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸುತ್ತಾಳೆ. ಹನ್ನೊಂದಾಗಿವೆ, ಎಣಿಸಿದ್ದೇನೆ. ಕ್ಯಾಲೆಂಡರಿಗೆ ಹೊಟ್ಟೆ ಬಂದಿದೆ.

"ಸುರುಳಿಯಲ್ಲಿ 72 ಮೀಟರ್ ಇದೆ ಕಣಮ್ಮ."

"ಇದ್ರೆ? ಮುಗಿಯಲ್ವಾ?"

ಕಳೆದ ವಾರ ಉಳಿದ ಪುಳಿಯೋಗರೆಯ ಸ್ಟೀಲ್ ಪಾತ್ರೆಗೆ ಇಂಥದ್ದೇ ಒಂದನ್ನು ಅನ್ನಕ್ಕೆ ತಾಗುವ ಹಾಗೆ ಮುಚ್ಚಿ ಫ್ರಿಜ್ಜಿಗಿಟ್ಟಳು. ಎರಡು ದಿನ ಬಿಟ್ಟು ನೋಡಿದರೆ ಫಾಯಿಲ್ ತುಂಬಾ ಸೂಜಿ ಚುಚ್ಚಿದಂಥ ತೂತು, ಅನ್ನದ ಮೇಲೆ ಬೂದು ಚುಕ್ಕೆ. "ಜಿರಳೆ," ಅಂದಳು ಅಮ್ಮ. ಫ್ರಿಜ್ಜೊಳಗೆ ಎಂಥ ಜಿರಳೆ! ಹುಣಸೆಹುಳಿ, ಉಪ್ಪು, ಕೆಳಗೆ ಸ್ಟೀಲು, ಮೇಲೆ ಅಲ್ಯೂಮಿನಿಯಂ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಸವೆಯೋದು ಫಾಯಿಲ್ಲೇ ಅಂತ ಮೇಷ್ಟ್ರ ಥರ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಅದಕ್ಕೇ ನಿಮ್ಮಜ್ಜಿ ಗೊಜ್ಜನ್ನ ಕಲ್ಚಟ್ಟಿಯಲ್ಲಿಡ್ತಿದ್ದದ್ದು," ಅಂದಳು. ಪುಳಿಯೋಗರೆ ಹೋಯಿತು, ತೂತಿನ ಫಾಯಿಲ್ ಉಳಿಯಿತು. ಕೊತ್ತಂಬರಿ ಸೊಪ್ಪು ಸುತ್ತೋಕೆ ಆಗುತ್ತಂತೆ.

ಮೊನ್ನೆ ಚಮಚ ಸಿಗದೆ ಹೆಬ್ಬೆರಳ ಉಗುರಲ್ಲೇ ತೀಡುತ್ತಿದ್ದಳು. ನೋಡುತ್ತಾ ನಿಂತುಬಿಟ್ಟೆ. ಚಾಕೊಲೇಟಿನ ಬೇಗಡೆಯನ್ನು ಹೀಗೇ ಉಗುರಲ್ಲಿ ಉಜ್ಜಿ ನುಣುಪು ಮಾಡಿ, ಸಮಾಜ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತಿದ್ದೆ. ಚೌತಿ ಹೊತ್ತಿಗೆ ಅವನ್ನೆಲ್ಲ ನಕ್ಷತ್ರ ಕತ್ತರಿಸಿ ಗಣಪತಿ ಮಂಟಪಕ್ಕೆ ಅಂಟಿಸುತ್ತಿದ್ದದ್ದು ಅಮ್ಮನೇ. ಅಂಟು ಅಂದರೆ ಮೈದಾ ಗಂಜಿ. ಒಂದು ವರ್ಷ ಅದನ್ನು ಇರುವೆ ತಿಂದು, ನಕ್ಷತ್ರಗಳೆಲ್ಲ ಪ್ರಸಾದದ ಮೇಲೆ ಉದುರಿದ್ದವು.

ಇವತ್ತೂ ಚಪಾತಿ ಸುತ್ತಿದ್ದು ಅವಳೇ. ನಾನು ಸುರುಳಿಯ ಹಿಂದೆ ಓಡುತ್ತಿದ್ದಾಗ ಕ್ಯಾಲೆಂಡರ್ ಹಿಂದಿನಿಂದ ಒಂದನ್ನು ಎಳೆದು, ಸುತ್ತಿ, ಮಗಳ ಚೀಲಕ್ಕೆ ಹಾಕಿದಳು. ಹತ್ತು ಸೆಕೆಂಡೂ ಆಗಲಿಲ್ಲ. ವ್ಯಾನ್ ಹೋದಮೇಲೆ ನೆಲದ ಮೇಲಿದ್ದ ಎರಡು ಮೀಟರನ್ನೂ ಒರೆಸಿ, ಮಡಿಸಿ, ಅಲ್ಲೇ ಸಿಕ್ಕಿಸಿದಳು.

ಈಗ ಸಂಜೆ. ಕ್ಯಾಲೆಂಡರ್ ಮೊಳೆ ಸಮೇತ ಕೆಳಗೆ ಬಿದ್ದಿದೆ. "ಒಂದು ದೊಡ್ಡ ಮೊಳೆ ತಗೊಂಡು ಬಾ" ಅಂತ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಾಳೆ.